ಐವತ್ತೆಂಟನೇ ನಂಬರಿನ ಬಾಯಿ

ಜಲಜ, ಪ್ರಾಯ 47 ವರ್ಷ, ಗಂಡ: ಕುಷ್ಟ ಮೊಗವೀರ, ಕಸುಬು: ಮೀನು ಮಾರಾಟ, ವಾಸ: ಬಂದರಿನ ಹತ್ತಿರ, ಗಂಗೊಳ್ಳಿ ಗ್ರಾಮ, ಕುಂದಾಪುರ ತಾಲೂಕು. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನೆರೆಮನೆಯ ಗುಲಾಬಿಯಕ್ಕ, ಪ್ರಾಯ 55, ನನ್ನ ಜೊತೆ ಇಪ್ಪತ್ತು ವರ್ಷಗಳಿಂದ ಮೀನು ಮಾರುತ್ತಾರೆ. ಇಬ್ಬರಿಗೂ ಎಲೆಯಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದೆ. ಬಾಯಿ ತಪಾಸಣೆ ಮಾಡಿದ ಹರಿಣಾಕ್ಷಿ ಎಂಬ ಹುಡುಗಿ ರೋಗವಿದ್ದರೂ ಇಲ್ಲವೆಂದು ಸುಳ್ಳು ಕಾಗದ ಕೊಟ್ಟಳೆಂದು ಗುಲಾಬಿಯಕ್ಕನ ಮಗ ಚಂದಯ್ಯ ಮೊನ್ನೆ 24ನೇ ತಾರೀಕು ದೂರು ಕೊಟ್ಟಿದ್ದಾನೆ. ಆ ದೂರು ಸರಿಯಲ್ಲ. ತಪ್ಪು ನನ್ನದು.

ದಿನಾಂಕ 7-2-2009ರ ಶನಿವಾರ ಬೆಳಿಗ್ಗೆ 9 ಗಂಟೆಗೆ, ಒಂದು ವೈದ್ಯಕೀಯ ಕಾಲೇಜಿನ ಸಂಶೋಧನೆಯವರು ಮೀನು ಏಲಂ ಮಾಡುವ ಜಾಗದಿಂದ 60 ಮೀಟರ್ ದೂರದ ಶೆಡ್ಡಿಗೆ ಕಪ್ಪು ಬಟ್ಟೆ ಕಟ್ಟಿ ಬಾಯಿ ಕ್ಯಾನ್ಸರಿನ ತಪಾಸಣೆ ಶುರು ಮಾಡಿದರು. ನನ್ನ ಚೀಟಿ ನಂಬರು 31. 10.15ಕ್ಕೆ ಮೂರು ಸಲ ಬಾಯಿ ಮುಕ್ಕಳಿಸಿ ಒಳಗೆ ಹೋದೆ. ಹರಿಣಾಕ್ಷಿ ಪೆನ್ನಿನಷ್ಟು ದಪ್ಪದ ಕಡ್ಡಿಯಿಂದ ಕೆನ್ನೆಯೊಳಗೆ ನೀಲಿ ಬೆಳಕು ಬಿಟ್ಟು ಕಂಪ್ಯೂಟರಿನಲ್ಲಿ ಚಿತ್ರ ತೆಗೆದಳು. ಸೂಜಿಯಿಲ್ಲ, ನೋವಿಲ್ಲ. ಈ ಬೆಳಕಿನಲ್ಲಿ ಒಳ್ಳೆಯ ಮಾಂಸ ಹಸಿರು ಕಾಣುತ್ತದೆ, ಕೆಟ್ಟದ್ದು ಕಪ್ಪು ಕಾಣುತ್ತದೆ ಎಂದು ತಿಳಿಸಿದಳು. ನನ್ನದು ಹಸಿರಿತ್ತು.

ಗುಲಾಬಿಯಕ್ಕನ ನಂಬರು 58. ಅವರ ಎಡಗೆನ್ನೆಯೊಳಗೆ ಮೂರು ತಿಂಗಳಿಂದ ಬಿಳಿ ಕಲೆಯಿತ್ತು, ಖಾರ ತಾಗಿದರೆ ಉರಿಯುತ್ತಿತ್ತು. ಜಗಳ ಮಾಡಿ ಎಳೆದುಕೊಂಡು ಬಂದವಳು ನಾನೇ. 11.40ಕ್ಕೆ ಬಂಗುಡೆಯ ದೋಣಿ ದಡಕ್ಕೆ ಬಂತು. ಅವರು ಚೀಟಿಯನ್ನು ನನ್ನ ಕೈಗೆ ತುರುಕಿ, 'ಜಲಜಾ, ದೋಣಿ ಬಂತ್, ನನ್ ಪಾಳಿ ನೀ ಕೂತ್ಕೊ, ಈಗ್ಳೇ ಬತ್ತೆ' ಎಂದು ಬುಟ್ಟಿ ಹಿಡಿದು ಓಡಿದರು.

ಏಲಂನಲ್ಲಿ ನಾವು ಹೆಂಗಸರು ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ನಿಲ್ಲುವುದು ಮೊದಲಿನಿಂದಲೂ ಇದೆ. ಅವಳ ಹೆಸರು ಹೇಳಿ ಇವಳು ಮೀನು ಕೊಳ್ಳುತ್ತಾಳೆ, ಯಾರೂ ಕೇಳುವುದಿಲ್ಲ. ತಪ್ಪಿದ ಪಾಳಿ ಮತ್ತೆ ಬರುವುದಿಲ್ಲ. ಅದೇ ಅಭ್ಯಾಸದಲ್ಲಿ, 11.50ಕ್ಕೆ 58 ಎಂದು ಕೂಗಿದಾಗ ತಲೆಗೆ ಸೆರಗು ಹೊದ್ದು ನಾನೇ ಹೋಗಿ ಕುಳಿತೆ. ಹರಿಣಾಕ್ಷಿ ಹೆಸರು ಕೇಳಿದಳು. ಗುಲಾಬಿ ಎಂದೆ. ಒಳಗೆ ಕತ್ತಲೆ, ಅವಳ ಕಣ್ಣಿಗೆ ಬಣ್ಣದ ಕನ್ನಡಕ, ಬೆಳಗಿನಿಂದ ಐವತ್ತು ಬಾಯಿ ನೋಡಿದವಳು, ಗುರುತು ಹಿಡಿಯಲಿಲ್ಲ. ಪಾಳಿ ಉಳಿಸಿದೆನೆಂದು ನನಗೆ ಖುಷಿಯೇ ಆಗಿತ್ತು. 12.20ಕ್ಕೆ ಗುಲಾಬಿಯಕ್ಕ ಬಂದಾಗ, 'ಅಕ್ಕ, ನಿಂದೂ ಆಯ್ತ್, ಹೋಪ' ಎಂದೆ.

ಮಾರ್ಚ್ 5ರಂದು ಅಂಚೆಯಲ್ಲಿ ಕಾಗದ ಬಂತು. ನನ್ನ ಮಗಳು ನವ್ಯಾ ಓದಿದಳು. ಇಬ್ಬರಿಗೂ ತೊಂದರೆಯಿಲ್ಲ ಎಂದಿತ್ತು. 'ಮಿಶಿನೇ ಹೇಳಿತ್ ಅಲ್ದಾ, ಇನ್ನೆಂತ ಹೆದ್ರಿಕೆ' ಎಂದು, ತಾನು ಒಳಗೆ ಹೋಗಿಲ್ಲವೆಂದು ಗೊತ್ತಿದ್ದ ಗುಲಾಬಿಯಕ್ಕನೇ ಹೇಳಿದರು. ಅದು ನನ್ನ ಕೆನ್ನೆ ಎಂದು ನಾನು ಹೇಳಬೇಕಿತ್ತು. ಕಾಗದದಲ್ಲಿ ಅವರ ಹೆಸರಿತ್ತು, ಸೀಲಿತ್ತು, ನಾನೂ ಅರ್ಧ ನಂಬಿದೆ. ಬಂದರಿನಲ್ಲಿ ಬಾಯಿ ಜೋರಿನವಳು ಎಂದು ಹೆಸರು ಪಡೆದವಳು ಅಂದು ಸುಮ್ಮನಿದ್ದೆ.

ಅಕ್ಟೋಬರ್ 12ರಂದು ಅವರ ದವಡೆ ಬಾತು ಆಸ್ಪತ್ರೆಗೆ ಸೇರಿಸಿದರು. ಫೆಬ್ರವರಿಯಲ್ಲೇ ಬಂದಿದ್ದರೆ ಸ್ವಲ್ಪ ಕತ್ತರಿಸಿದರೆ ಮುಗಿಯುತ್ತಿತ್ತು, ಈಗ ಕೆಳದವಡೆಯ ಅರ್ಧ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ಆಪರೇಷನ್ ನಾಡಿದ್ದು. ನಿನ್ನೆ ಸಂಜೆ 4 ಗಂಟೆಗೆ ನೋಡಲು ಹೋಗಿ, ಠಾಣೆಯಲ್ಲಿ ಎಲ್ಲ ಹೇಳುತ್ತೇನೆ ಎಂದೆ. ಒಂದು ಬೆರಳು ಹೋಗುವಷ್ಟೂ ಅವರಿಗೆ ಬಾಯಿ ತೆರೆಯಲಾಗುವುದಿಲ್ಲ. ನನ್ನ ಮಣಿಕಟ್ಟು ಹಿಡಿದು ಬೇಡ ಎಂದು ತಲೆಯಾಡಿಸಿದರು. ಮಗನ ಸಿಟ್ಟಿನಿಂದ ನನ್ನನ್ನು ಉಳಿಸಲಿಕ್ಕೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ಅತ್ತೆ. ಆದರೆ ಈ ದೂರಿನಿಂದ ಹರಿಣಾಕ್ಷಿಯನ್ನು ಕೆಲಸದಿಂದ ತೆಗೆಯುತ್ತಾರಂತೆ, ಅದಕ್ಕೇ ಬಂದೆ.

ಈ ದಿನ ಠಾಣೆಯಲ್ಲಿ, ದೂರಿನ ಮೇಲೆ ಕಾಲೇಜಿನಿಂದ ತರಿಸಿಟ್ಟ ಚಿತ್ರಗಳಲ್ಲಿ 31 ಮತ್ತು 58ನೇ ನಂಬರಿನವನ್ನು ತೋರಿಸಿದರು. ಎರಡರಲ್ಲೂ ಒಂದೇ ಜಾಗದಲ್ಲಿ ಮುರಿದ ಹಲ್ಲಿದೆ. ಬಾಯಿ ತೆರೆದು ಸಾಹೇಬರಿಗೆ ತೋರಿಸಿದ್ದೇನೆ. ಎರಡೂ ನನ್ನ ಬಾಯಿ. ಗುಲಾಬಿಯಕ್ಕನ ಬಾಯಿಯನ್ನು ಅಂದು ಯಾರೂ ನೋಡಿಲ್ಲ.

ಚಂದಯ್ಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾನೆ. ನಾನು ಎತ್ತಿ ಆಡಿಸಿದ ಹುಡುಗ. ಅವನನ್ನು ಒಳಗೆ ಕರೆದು ಇದನ್ನು ಗಟ್ಟಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಓದಿ ಮುಗಿಯುವವರೆಗೆ ನಾನು ಇಲ್ಲೇ ನಿಲ್ಲುತ್ತೇನೆ.

ಮೇಲಿನದೆಲ್ಲ ನಾನೇ ಹೇಳಿ ಬರೆಸಿದ್ದು. ಓದಿ ಹೇಳಿದ್ದನ್ನು ಕೇಳಿದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಗಂಗೊಳ್ಳಿ
ದಿನಾಂಕ: 26-10-2009, ಬೆಳಿಗ್ಗೆ 11.30
ಜಲಜಳ ಎಡಗೈ ಹೆಬ್ಬೆಟ್ಟಿನ ಗುರುತು