ಇಪ್ಪತ್ತೆಂಟನೇ ದಿನದ ಚೌಕ

ಇದು ನಡೆದದ್ದು ನಮ್ಮ ದೊಡ್ಡಪ್ಪನ ಮಗಳಿಗೆ. ಕಟ್ಟುಕತೆಯಲ್ಲ. ಅವಳು ಕೆಲಸ ಮಾಡುವ ಆಸ್ಪತ್ರೆಯ ಹಿಂದೆ ಒಂದು ಹಳೇ ಬಾವಿ, ಕಬ್ಬಿಣದ ಬಲೆ ಹಾಕಿ ಮುಚ್ಚಿದ್ದು... ಅದರ ಪಕ್ಕದ ಕಾಲುದಾರಿಯಲ್ಲಿ ಅಕ್ಕ ಆ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಮನೆಗೆ ಹೊರಟಿದ್ದಳು. ಚೀಲದಲ್ಲಿ ಒಂದು ನೋಟ್‌ಬುಕ್, ಆಸ್ಪತ್ರೆಯ ದಾಖಲೆ. ಅದನ್ನು ಅವಳು ಮನೆಗೆ ಒಯ್ಯುವಂತಿರಲಿಲ್ಲ.

ಆದರೂ ಯಾಕೆ ಒಯ್ದಳು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಕ್ಕ ಔಷಧ ಸಂಶೋಧಕಿ. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವ ಕೆಲವರಿಗೆ ತಲೆ ಸಿಡಿದುಹೋಗುವಂಥ ನೋವು ಬರುತ್ತದಂತೆ. ತಾಳಲಾರದೆ ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ಮೈಗ್ರೇನ್‌ಗೆ ಕೊಡುವ ಒಂದು ಮಾತ್ರೆ ಅವರಿಗೂ ಕೆಲಸ ಮಾಡೀತೇ ಎಂದು ಅಕ್ಕ ಪರೀಕ್ಷಿಸುತ್ತಿದ್ದಳು. ಒಬ್ಬೊಬ್ಬರಿಗೂ ಒಂದು ನೋಟ್‌ಬುಕ್, ಅದರಲ್ಲಿ ಇಪ್ಪತ್ತೆಂಟು ಚೌಕ. ದಿನಾ ಸಂಜೆ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ. ರೋಗಿಯೇ ತನ್ನ ಕೈಯಾರೆ ಬರೆಯಬೇಕು. ಒಂದು ಚೌಕ ಖಾಲಿ ಉಳಿದರೂ ಆ ನೋಟ್‌ಬುಕ್ ಎಣಿಕೆಗಿಲ್ಲ.

ಈ ನೋಟ್‌ಬುಕ್ ಒಬ್ಬ ದರ್ಜಿಯದು. ಒಂಟಿ ಜೀವ. ಸಂಜೆ ಏಳಕ್ಕೆ ಅಕ್ಕ ಫೋನ್ ಮಾಡಿ ನೆನಪಿಸುತ್ತಿದ್ದಳು. ಆ ಕಡೆ ಹೊಲಿಗೆ ಯಂತ್ರ ಕಟಕಟಕಟ... ಎನ್ನುತ್ತಿರುತ್ತಿತ್ತು. ಆಮೇಲೆ ಠಕ್ ಎಂದು ನಿಲ್ಲುತ್ತಿತ್ತು.

“ಇವತ್ತು ನಾಲ್ಕು, ಮೇಡಂ. ಎರಡು ಕಾಯಿಲೆಯದು, ಎರಡು ಗಿರಾಕಿಗಳದು.”

ಒಮ್ಮೆ ಅಂದಿದ್ದರು: “ನೀವು ಬಿಟ್ರೆ ಹೇಗಿದೀಯಪ್ಪಾ ಅಂತ ನನ್ನನ್ನ ಕೇಳೋರಿಲ್ಲ. ನನ್ನನ್ನೂ ಎಣಿಸ್ಕೊಳ್ಳಿ ಮೇಡಂ, ಬಿಟ್ಟುಬಿಡಬೇಡಿ.”

ಇಪ್ಪತ್ತೆಂಟನೇ ದಿನ ಬೆಳಗ್ಗೆ ದರ್ಜಿ ತೀರಿಕೊಂಡರು. ಪಕ್ಕದ ಅಂಗಡಿಯವರು ನೋಟ್‌ಬುಕ್ ತಂದುಕೊಟ್ಟರು. ಪೆನ್ನಿನಲ್ಲಿ ಬರೆದ ಇಪ್ಪತ್ತೇಳು ಅಂಕಿ. ಪುಟದ ಅಂಚಿಗೆಲ್ಲ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಬೆರಳಚ್ಚು. ಕೊನೆಯ ಚೌಕ ಖಾಲಿ.

ಮನೆಗೆ ಹೋಗಿ ತಾನೇ ಒಂದು ‘2’ ಬರೆದುಬಿಡುವುದು ಎಂದು ಅಕ್ಕ ನಿರ್ಧರಿಸಿದ್ದಳು. ಯಾರಿಗೆ ಗೊತ್ತಾಗುತ್ತದೆ?

ಅವಳಿಗೂ ಮೈಗ್ರೇನ್ ಇದೆ. ಆ ರಾತ್ರಿ ತಲೆಯ ಎಡಭಾಗ ಧಿಮ್ ಧಿಮ್ ಎನ್ನುತ್ತಿತ್ತು. ಅದರ ಭ್ರಮೆ ಅಂತೀರೇನೋ... ಪೂರ್ತಿ ಕೇಳಿ.

ಬಾವಿಯ ಹತ್ತಿರ ಬಂದಳು. ಒಳಗಿನಿಂದ... ಕಟಕಟಕಟ...

ಅಕ್ಕ ನಿಂತಳು.

ಠಕ್.

“ಮೇಡಂ...”

“ಯಾರು?”

“ಅದು ನನ್ನ ಚೌಕ. ನೀವು ಬರೀಬೇಡಿ.”

“ಖಾಲಿ ಬಿಟ್ರೆ ನಿಮ್ಮನ್ನ ತೆಗೆದುಹಾಕ್ತಾರೆ...”

“ಇಪ್ಪತ್ತೇಳು ನಾನೇ ಬರೆದಿದೀನಲ್ಲ. ಸುಳ್ಳು ಒಂದು ಸೇರಿದ್ರೆ ಅವೂ ಹಾಳು.”

ಕೆಳಗೆ ನೀರಿಗೆ ಏನೋ ತೊಟ್ ಎಂದು ಬಿತ್ತು. ಆಮೇಲೆ, ಇನ್ನೂ ಮೆಲ್ಲಗೆ:

“ನಿಮಗೆಷ್ಟು ಇವತ್ತು?”

ನೂರಾರು ಜನರನ್ನು ಅದೇ ಪ್ರಶ್ನೆ ಕೇಳಿದವಳು ಅಕ್ಕ. ಅವಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಕೇಳುವವರೇ ಇರಲಿಲ್ಲ.

“ಏಳು,” ಎಂದಳು.

ಕಟಕಟಕಟ... ಆಳಕ್ಕೆ, ಇನ್ನೂ ಆಳಕ್ಕೆ ಇಳಿದುಹೋಯಿತು.

ಮನೆಯಲ್ಲಿ ಅವಳು ಚೀಲವನ್ನೇ ಬಿಚ್ಚಲಿಲ್ಲ. ಬೆಳಗ್ಗೆ ನೇರವಾಗಿ ಹಿರಿಯ ಡಾಕ್ಟರ ಮುಂದೆ ನಿಂತು, ತಾನು ಮಾಡಹೊರಟಿದ್ದನ್ನೆಲ್ಲ ಒಪ್ಪಿಕೊಂಡಳು. ಬಾವಿಯ ವಿಷಯ ಒಂದು ಬಿಟ್ಟು.

“ನೋಟ್‌ಬುಕ್ ಮನೆಗೆ ಒಯ್ದೆಯಾ? ತಲೆ ನೆಟ್ಟಗಿದೆಯೇನಮ್ಮಾ ನಿನಗೆ?”

“ಅದೊಂದೇ ನೆಟ್ಟಗಿಲ್ಲ, ಸರ್.”

ಡಾಕ್ಟರು ಬೈದರು, ಆಮೇಲೆ ಅವಳು ಕೇಳಿದಂತೆ ವರದಿಯಲ್ಲಿ ದರ್ಜಿಯ ಬಗ್ಗೆ ಬರೆಯಲು ಒಪ್ಪಿದರು. ವರದಿಯ ಕೊನೆಗೆ ಒಂದು ಸಾಲು ಸೇರಿತು: ಒಬ್ಬರು ಇಪ್ಪತ್ತೇಳು ದಿನ ತಪ್ಪದೆ ಬರೆದು ತೀರಿಕೊಂಡರು. ಎಣಿಕೆಯಲ್ಲಿ ದರ್ಜಿ ಇಲ್ಲ, ವರದಿಯಲ್ಲಿ ಇದ್ದಾರೆ.

ಆ ಸಾಲು ಬರೆಯುವಾಗಲೇ ಅಕ್ಕ ನೋಟ್‌ಬುಕ್ ತೆರೆದದ್ದು. ಇಪ್ಪತ್ತೆಂಟನೇ ಚೌಕ ಹಾಗೇ ಖಾಲಿ. ಅದರ ಕೆಳಗೆ, ಅಂಚಿನಲ್ಲಿ, ನೀಲಿ ಸೀಮೆಸುಣ್ಣದಲ್ಲಿ: ‘ಮೇಡಂ 7’.

ಅಕ್ಕನೇ ಬರೆದಿರಬೇಕು ಎನ್ನಬೇಡಿ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಸವರಿದರೆ ಬೆರಳಿಗೆ ಪುಡಿ ಅಂಟಿತು. ಆ ಏಳರ ನಡುವೆ ಒಂದು ಅಡ್ಡಗೀರು ಇದೆ. ದರ್ಜಿ ಬರೆದ ಏಳುಗಳಿಗೆಲ್ಲ ಅದು ಇದೆ. ಅಕ್ಕ ಏಳನ್ನು ಹಾಗೆ ಬರೆಯುವುದಿಲ್ಲ.