ಹಿತ್ತಲ ಹೊಂಡದ ಮೀನು ಸತ್ತ ಬಗ್ಗೆ ಹಾಗೂ ಹೊತ್ತು ಮುಳುಗುವ ಮೊದಲು ರುಕ್ಮವ್ವನನ್ನು ಬಿಡುವ ಬಗ್ಗೆ

ನನ್ನ ಹೆಸರು ಪಾರಿಸ ತಂದೆ ತವನಪ್ಪ ಮಗದುಮ್, ವಯಸ್ಸು ಹತ್ತೊಂಬತ್ತು, ಜಾತಿ ಜೈನ, ಉದ್ಯೋಗ ಚಿಕ್ಕೋಡಿಯಲ್ಲಿ ಬಿ.ಕಾಂ. ಮೊದಲ ವರ್ಷದ ವಿದ್ಯಾರ್ಥಿ, ಸಾಕಿನ್ ಅಂಕಲಿ, ಬಸದಿ ಓಣಿ, ತಾಲೂಕು ಚಿಕ್ಕೋಡಿ. ಇಂದು ರವಿವಾರ ತಾರೀಖು 12-1-1992ರಂದು ಮಧ್ಯಾಹ್ನ ನಾಲ್ಕೂ ಹತ್ತಕ್ಕೆ, ಯಾರೂ ಕರೆಯದೆ ನಾನಾಗಿಯೇ ಹೊರಠಾಣೆಗೆ ಹಾಜರಾಗಿ, ಜಮಾದಾರ ವಿರುಪಾಕ್ಷಪ್ಪನವರ ಚಷ್ಮಾದ ಒಂದು ಗಾಜು ಒಡೆದಿರುವುದರಿಂದ ಅವರ ಅಪ್ಪಣೆಯ ಮೇರೆಗೆ ನನ್ನ ಕೈಯಾರೆ ಬರೆದು ತಿಳಿಸುವುದೇನೆಂದರೆ:

ಎದುರಿನ ಬಾಕಿನ (ಬೆಂಚಿನ) ಮೇಲೆ ಕೂತಿರುವ ರುಕ್ಮವ್ವ ಕೋಂ ಧರೆಪ್ಪ ಇವಳು ನಿರಪರಾಧಿ. ಹೊತ್ತು ಮುಳುಗುವುದರೊಳಗೆ ಇವಳನ್ನು ಮನೆಗೆ ಬಿಡದಿದ್ದರೆ ನನ್ನ ಕಾಕು, ಅಂದರೆ ಚಿಕ್ಕಮ್ಮ, ಚಂದ್ರಮತಿ ಇವತ್ತು ನೀರೂ ಮುಟ್ಟುವುದಿಲ್ಲ. ಮೂರು ದಿನದ ಉಪವಾಸ ಮುಗಿಸಿ ಅವರು ಇವತ್ತು ಬೆಳಿಗ್ಗೆ ಪಾರಣೆ ಮಾಡಬೇಕಾಗಿತ್ತು. ಮಾಡಿಲ್ಲ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಅನ್ನವೂ ಇಲ್ಲ, ನೀರೂ ಇಲ್ಲ. ಇವತ್ತು ಆರೂ ಕಾಲಿಗೆ ಮುಳುಗುತ್ತದೆ. ಇಷ್ಟು ಬರೆದು ಕಾಗದ ಮುಂದೆ ಸರಿಸಿದಾಗ ಜಮಾದಾರರು, ಹೇಳಿಕೆ ಅಂದರೆ ಹಿಂಗಲ್ಲಪಾ, ಮೊದಲಿಂದ ಬರೀಬೇಕು, ಯಾವುದು ಮೊದಲ ಆಗೇತಿ ಅದು ಮೊದಲ, ಎಂದು ಕಾಗದ ವಾಪಸು ಸರಿಸಿದರು. ಅಲ್ಲದೆ, ಹ್ವಾದ ಹೋಳಿ ಹಬ್ಬಕ್ಕ ಈ ಠಾಣೆಯ ಬೋರ್ಡು ಕೋಳಿ ಫಾರಂ ಮುಂದ ಹೋಗಿ ನಿಂತಿತ್ತು, ಅಂಥಾ ಚಾಷ್ಟಿ ಇದರಾಗ ಏನಾರ ಇದ್ದರ ಎಚ್ಚರ, ಎಂದರು. ಸದರಿ ಬೋರ್ಡಿನ ಪ್ರಕರಣ ಇನ್ನೂ ಪತ್ತೆಯಾಗದೆ ಇರುವುದರಿಂದ ಅದರ ಬಗ್ಗೆ ನಾನು ಏನೂ ಹೇಳಬಯಸುವುದಿಲ್ಲ. ಮೊದಲಿನಿಂದ ಬರೆಯುತ್ತೇನೆ.

ನನ್ನ ಕಾಕಾ ದಾದಾಸಾಹೇಬ ಮಗದುಮ್ ಇವರು ಹೋದ ದೀಪಾವಳಿ ಮುಗಿದ ವಾರದಲ್ಲಿ ಮಿರಜಿಗೆ ಹಲ್ಲಿನ ಡಾಕ್ಟರರ ಹತ್ತಿರ ಹೋದವರು, ಹಲ್ಲು ತೆಗೆಸದೆ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಣ್ಣದ ಮೀನು ತಂದರು. ಏಂಜಲ್ ಎಂಬ ಚಪ್ಪಟೆ ಜಾತಿ, ಗಪ್ಪಿ ಎಂಬ ಸಣ್ಣ ಜಾತಿ, ಬಾಲದಲ್ಲಿ ಕತ್ತಿ ಇರುವ ಕೆಂಪು ಜಾತಿ. ಹಿತ್ತಲಲ್ಲಿ ಆರು ಫೂಟು ಉದ್ದ, ನಾಲ್ಕು ಫೂಟು ಅಗಲದ ಹೊಂಡ ತೋಡಿಸಿ ಸಿಮೆಂಟು ಹಾಕಿಸಿ ಅದರಲ್ಲಿ ಬಿಟ್ಟರು. ಬಸದಿ ಓಣಿಯಲ್ಲಿ ಮೀನು ಬಂದದ್ದು ಅದೇ ಮೊದಲು. ನೋಡಲು ಜನ ಬಂದರು. ಹಿಂದಿನ ಮನೆಯ ಧರೆಪ್ಪ ಬಂದು ಹೊಂಡದ ದಂಡೆಗೆ ಕೂತು, ಸಾವಕಾರ್ರ, ಇದಕ್ಕ ಹುಣಸಿಹುಳಿ ಹಾಕ್ತೀರೋ ಏನ್ ಬರೇ ಖಾರ ಹಚ್ಚತೀರೋ, ಎಂದು ಕೇಳಿದ್ದು, ಕಾಕಾ ಅಂದಿನಿಂದ ಧರೆಪ್ಪನ ಜೊತೆ ಮಾತು ಬಿಟ್ಟಿದ್ದು ಇರುತ್ತದೆ. ಧರೆಪ್ಪ ಚಾಷ್ಟಿಗೆ ಅಂದದ್ದು. ಈ ವಿಷಯದಲ್ಲಿ ನಾನು ತಜ್ಞನಿದ್ದೇನೆ.

ಡಿಸೆಂಬರ್ ಹತ್ತಿದ ಮೇಲೆ ಹೊಳೆಯ ಕಡೆಯ ಗಾಳಿ ಬಿಟ್ಟಿತು. ಮೀನುಗಳು ತಳಕ್ಕೆ ಹೋಗಿ ಸುಮ್ಮನೆ ನಿಂತವು. ಇವು ಬಿಸಿ ದೇಶದ ಮೀನು, ಚಳಿ ತಾಳುವುದಿಲ್ಲ ಎಂದು ಅಂಗಡಿಯವನು ಹೇಳಿದ್ದು ಕಾಕಾಗೆ ಆಗ ನೆನಪಾಯಿತು. ಅವರು ಮನೆಯಲ್ಲಿದ್ದ ಜ್ವರ ನೋಡುವ ಕಡ್ಡಿಯನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಟ್ಟರು. ಪಾದರಸ ಏರಲೇ ಇಲ್ಲ. ಹಾಗಾದರೆ ಜ್ವರ ಅಂತೂ ಇಲ್ಲ ಎಂದು ನಾನು ಅಭಿಪ್ರಾಯ ಕೊಟ್ಟೆ. ಕಾಕಾ ಒಗೆದ ಚಪ್ಪಲಿ ನನ್ನ ಎಡಕ್ಕೆ ಎರಡು ಫೂಟು ದೂರ ಬಿದ್ದಿತು.

ಆ ಮೇಲೆ ಕಾಕಾ ನೂರು ವ್ಯಾಟಿನ ಬಲ್ಬನ್ನು ನೀರಿನಿಂದ ಗೇಣು ಮೇಲೆ ಜೋತುಬಿಟ್ಟರು. ಅದರ ಕಾವಿಗೆ ಮೀನು ಮೇಲೆ ಬಂದವು. ಬೆಳಕಿಗೆ ಹುಳಗಳೂ ಬಂದವು. ಬಲ್ಬಿಗೆ ಬಡಿದು ಸುಟ್ಟು ನೀರಿಗೆ ಬೀಳುವುದನ್ನು ನೋಡಿ ಕಾಕು, ನಿಮ್ಮ ಮೀನಕ್ಕ ಬೆಚ್ಚಗ ಆಗಲಿ ಅಂತ ಈ ಬಡ ಹುಳಾ ಯಾಕ ಸುಡಬೇಕ್ರಿ, ಅವಕ್ಕೇನು ಅವ್ವ ಇಲ್ಲೇನು, ಎಂದು ಬಲ್ಬಿನ ಗುಂಡಿ ಆರಿಸಿದರು. ಕಾಕಾ ಹೋಗಿ ಹಚ್ಚಿದರು. ಕಾಕು ಹೋಗಿ ಆರಿಸಿದರು. ಗುಂಡಿ ಅಡುಗೆಮನೆಯ ಗೋಡೆಯಲ್ಲಿ ಇರುವುದರಿಂದ ಈ ವ್ಯಾಜ್ಯ ಕಾಕುವಿನ ಪರವಾಗಿ ಇತ್ಯರ್ಥವಾಯಿತು. ಕಾಕಾ ಕಬ್ಬಿನ ಒಣ ಎಲೆ, ಅಂದರೆ ರವದಿ, ತಂದು ಹೊಂಡದ ಮೇಲೆ ಹಾಸಿದರು. ಸಾಕಾಗಲಿಲ್ಲ. ಒಂದೊಂದೇ ಮೀನು ಅಡ್ಡ ಮಲಗಿ ತೇಲಿತು.

ಇಲ್ಲಿ ಒಂದು ಸಂಗತಿ ಜಮಾದಾರರಿಗೆ ತಿಳಿದಿರಬೇಕು. ಹೊಳೆಯ ಮೀನು ಹೊಳೆಯಲ್ಲಿ ಸತ್ತರೆ ಅದು ಅದರ ಕರ್ಮ, ನಾವು ಕಟ್ಟಿ ಹಾಕಿ ಸಾಕಿದ ಜೀವ ನಮ್ಮ ಹಿತ್ತಲಲ್ಲಿ ಸತ್ತರೆ ಅದರ ದೋಷ ಮನೆಗೆ, ಎಂದು ಕಾಕು ಹೇಳುತ್ತಾರೆ. ಅದಕ್ಕಾಗಿ ಮೀನು ಸತ್ತ ದಿನವೆಲ್ಲ ಅವರು ಉಪವಾಸ ಹಿಡಿದರು. ಕುದಿಸಿ ಗಾಳಿಸಿದ ನೀರು ಒಂದು ಹೊತ್ತು, ಅಷ್ಟೇ. ತಂದವರು ಕಾಕಾ, ಉಪವಾಸ ಕಾಕುದು. ಇದು ನ್ಯಾಯವೇ ಎಂದು ನಾನು ಕೇಳಿದ್ದಕ್ಕೆ ಕಾಕು, ಅವರಿಗೆ ಹಸಿವಿ ತಡಿಯೂದುಲ್ಲಪಾ, ಎಂದರು. ಡಿಸೆಂಬರ್ ಮುಗಿಯುವ ಹೊತ್ತಿಗೆ ಅವರ ಕೈಬಳೆ ಮೊಣಕೈವರೆಗೆ ಸರಿಯತೊಡಗಿದ್ದವು.

ಬಳೆ ನೋಡಿದವಳು ರುಕ್ಮವ್ವ. ಇವಳೂ ಕಾಕುವೂ ಒಂದೇ ಬೇಸಿಗೆಯಲ್ಲಿ ಈ ಓಣಿಗೆ ಸೊಸೆಯಾಗಿ ಬಂದವರು. ಶ್ರಾವಣ ಸೋಮವಾರ ರುಕ್ಮವ್ವ ಉಪವಾಸ ಬಿಡುವಾಗ ಕಾಕು ನೀರು ಹಾಕುತ್ತಾರೆ. ಕಾಕುವಿನ ಪಾರಣೆಗೆ ರುಕ್ಮವ್ವ ನೀರು ಹಾಕುತ್ತಾಳೆ. ಗಂಡಂದಿರು ಮಾತು ಬಿಟ್ಟ ಮೇಲೂ ಇದು ಬಿಟ್ಟಿರಲಿಲ್ಲ.

ದಿನಾಂಕ 8-1-1992 ಬುಧವಾರ ಮಧ್ಯಾಹ್ನ ಮೂರೂವರೆಗೆ ಕಾಕಾ ಪ್ಲಾಸ್ಟಿಕ್ ಹಾಳೆ ತರಲು ಚಿಕ್ಕೋಡಿಗೆ ಹೋಗಿದ್ದರು, ಕಾಕು ಬಸದಿಯಲ್ಲಿದ್ದರು. ನಾನು ಹಿತ್ತಲ ಗೋಡೆಯ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದೆ. (ಜಮಾದಾರರು ಇಲ್ಲಿ ನಕ್ಕರು.) ಆಗ ರುಕ್ಮವ್ವ ತಲೆಯ ಮೇಲೊಂದು ಟೊಂಕದಲ್ಲೊಂದು ಕೊಡ ಹೊತ್ತು, ಒಂದು ಫರ್ಲಾಂಗು ದೂರದ ತಮ್ಮ ಗಾಣದ ಮನೆಯಿಂದ ಬಂದಳು. ಕೊಡದ ಬಾಯಿಯಿಂದ ಹಬೆ ಬರುತ್ತಿತ್ತು. ಏನು ಇದು ಎಂದು ಕೇಳಿದೆ. ನಿಮ್ಮ ಕಾಕಾನ ಮೀನ ಸಾಯ್ಲಿ ಇರ್ಲಿ ನನಗೇನ ಆಗಬೇಕಾಗಿಲ್ಲೋ, ಅವು ಸತ್ತಾಗೊಮ್ಮೆ ಆಕಿ ಹೊಟ್ಟಿ ಕಟ್ಟತಾಳ, ಹಿಂಗಾದರ ಸಂಕ್ರಾಂತಿಗೆ ಎಳ್ಳು ಕೊಡಾಕ ಆಕಿ ಉಳಿತಾಳೇನು, ಎಂದು ಬೈಯುತ್ತ ಕೈ ಅದ್ದಿ ಬಿಸಿ ನೋಡಿ, ಕೂಸಿಗೆ ಎರೆಯುವ ನೀರಿನ ಹದಕ್ಕೆ ಬಂದ ಮೇಲೆ ದಂಡೆಗುಂಟ ನಿಧಾನ ಹಾಕಿದಳು. ಮೀನು ಮೇಲೆ ಬಂದವು. ಬಾಲ ಬೀಸಿದವು. ರುಕ್ಮವ್ವ ಕೊಡ ಡಬ್ಬು ಹಾಕಿ ಅದರ ಮೇಲೆ ಕೂತು, ನೋಡಲೇ, ಎದ್ದೂವು, ಎಂದಳು. ಇನ್ನೂ ಎರಡು ಸಲ ಹೋಗಿ ತಂದಳು.

ಮರುದಿನ ಗುರುವಾರ ಬೆಳಿಗ್ಗೆ ಏಳಕ್ಕೆ ಕಾಕಾ ರವದಿ ಸರಿಸಿದಾಗ ಹೊಂಡದ ತುಂಬ ಮೀನು ಅಂಗಾತ ಬಿದ್ದಿದ್ದವು. ನೀರಿನ ಮೇಲೆ ನೊರೆ ಇತ್ತು. ದಂಡೆಗೆ ಇರುವೆ ಸಾಲು ಹತ್ತಿತ್ತು. ಮೂರು ಗಪ್ಪಿ ಮಾತ್ರ ಬಾಯಿ ತೆರೆಯುತ್ತಿದ್ದು, ಅವು ಈಗ ಅಡುಗೆಮನೆಯಲ್ಲಿ ಒಲೆಯ ಮಗ್ಗುಲ ಬೋಗುಣಿಯಲ್ಲಿ ಇರುತ್ತವೆ. ಕಾಕಾ ಒಂದು ಏಂಜಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಉಸಿರು ಊದಿದರು. ನಾನು ಗೋಡೆಯ ಕಡೆ ನೋಡುತ್ತ ನಿಂತೆ. ಕಾಕು ಒಳಗಿನಿಂದ ಬಂದು ನೋಡಿ, ಇಷ್ಟಕ್ಕೆಲ್ಲ ಕೂಡಿ ಮೂರು ದಿನ, ಎಂದು ಹೇಳಿ ಒಳಗೆ ಹೋದರು.

ಇರುವೆ ಕಂಡದ್ದರಿಂದ ನಾನು ತನಿಖೆಯ ಸಲುವಾಗಿ ಹೊಂಡದ ನೀರನ್ನು ನಾಲಗೆಗೆ ಹಚ್ಚಿ ನೋಡಿದೆ. ಸಿಹಿ ಇತ್ತು. ಗಾಣದ ಮನೆಯಲ್ಲಿ ಬೆಲ್ಲದ ಪಾಕ ಇಳಿಸಿದ ಮೇಲೆ ಕಡಾಯಿ ಸೀಯಬಾರದೆಂದು ಕೂಡಲೇ ನೀರು ಹೊಯ್ಯುತ್ತಾರೆ. ರುಕ್ಮವ್ವ ತಂದದ್ದು ಆ ನೀರು, ಅಂದರೆ ಕಡಾಯಿಗೆ ಹತ್ತಿದ ಬೆಲ್ಲ ಕರಗಿದ ನೀರು. ಅವರ ಮನೆಯಲ್ಲಿ ಚಳಿಗಾಲದಲ್ಲಿ ಎಮ್ಮೆಗೆ ಅದನ್ನೇ ಕುಡಿಸುತ್ತಾರೆ, ಎಮ್ಮೆ ಹಾಲು ಹೆಚ್ಚು ಕೊಡುತ್ತದೆ. ಎಮ್ಮಿಗೆ ಹಿತ ಆಗೂದು ಮೀನಕ್ಕ ಯಾಕ ಆಗಬಾರದು ಎಂದು ಇವಳು ತಿಳಿದಳು. ರಾತ್ರಿ ರವದಿಯ ಕೆಳಗೆ ನೀರು ಹುಳಿಯಿಟ್ಟು ಮೀನಿಗೆ ಉಸಿರು ಸಿಗದೆ ಹೋಗಿದೆ. ಈ ಕೊಲೆಯ ಆಯುಧ ಪಾನಕ.

ಇದನ್ನೆಲ್ಲ ನಾನು ಕಾಕಾಗೆ ಅವತ್ತೇ ಹೇಳಿದೆ. ಕಾಕಾ ನನ್ನ ಮಾತಿನಲ್ಲಿ ಅರ್ಧ ಮಾತ್ರ ನಂಬಿದರು. ರುಕ್ಮವ್ವ ನೀರು ಹಾಕಿದಳು ಎಂಬುದನ್ನು ನಂಬಿದರು, ಬೆಲ್ಲವನ್ನು ನಂಬಲಿಲ್ಲ. ಏಕೆಂದರೆ ನವೆಂಬರದಲ್ಲಿ ನಾನು, ಕತ್ತಿಬಾಲದ ಮೀನು ದಿನಾ ನಾಲ್ಕಕ್ಕೆ ಚಹಾ ಕೇಳುತ್ತದೆ ಎಂದಿದ್ದೆ, ಕಾಕಾ ಎರಡು ದಿನ ನಾಲ್ಕಕ್ಕೆ ಹೋಗಿ ನೋಡಿದ್ದರು. ಧರೆಪ್ಪನೇ ಹೆಂಡತಿಯ ಕೈಯಲ್ಲಿ ಕಬ್ಬಿಗೆ ಹೊಡೆಯುವ ಔಷಧಿ ಕೊಟ್ಟು ಕಳಿಸಿದ್ದಾನೆ ಎಂದು ಲೆಕ್ಕ ಹಾಕಿ, ಶನಿವಾರ ಸಂಜೆ ಇದೇ ಮೇಜಿನ ಮುಂದೆ ನಿಂತು ತಕರಾರು ಹೇಳಿದರು. ಕಾಕುಗೆ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಎಂಟಕ್ಕೆ ಪಾರಣೆಗೆಂದು ತಲೆ ತೊಳೆದುಕೊಂಡು ನಮ್ಮ ಬಾಗಿಲಿಗೆ ಬಂದಿದ್ದ ರುಕ್ಮವ್ವನನ್ನು ಪೊಲೀಸರು ವಿಚಾರಣೆಗೆ ಕರೆದುಕೊಂಡು ಬಂದರು. ಆಗಲೇ ನಾನು ಕಾಕುಗೆ ಬೆಲ್ಲದ ನೀರಿನ ಸಂಗತಿ ಎಲ್ಲ ಹೇಳಿದೆ. ಧರೆಪ್ಪ ಕಬ್ಬಿನ ಗಾಡಿಯ ಜೊತೆ ಉಗಾರಕ್ಕೆ ಹೋಗಿದ್ದ, ಇನ್ನೂ ಬಂದಿಲ್ಲ. ತಾನು ಹಾಕಿದ ನೀರಿಗೆ ಮೀನು ಸತ್ತವು ಎಂಬುದು ರುಕ್ಮವ್ವನಿಗೆ ಗೊತ್ತಾದದ್ದೇ ಇಲ್ಲಿಗೆ ಬಂದ ಮೇಲೆ. ಕಾಕು ತಂಬಿಗೆಯ ನೀರನ್ನು ಹಾಗೇ ಮುಚ್ಚಿಟ್ಟು, ಆಕಿನ್ನ ಅಲ್ಲೆ ಕುಂಡ್ರಿಸಿ ನಾ ಯಾವ ಬಾಯಿಲೆ ಕುಡೀಲ್ರಿ, ಎಂದು ಕಾಕಾನನ್ನು ಕೇಳಿದರು. ಅದರ ನಂತರ ಹೋಗಿ ಮಲಗಿದರು.

ಪುರಾವೆಗೆಂದು ನಾನು ಬಾಟ್ಲಿಯಲ್ಲಿ ಹೊಂಡದ ನೀರು ತಂದಿದ್ದೇನೆ. ಜಮಾದಾರರ ಸಮಕ್ಷಮ ಒಂದು ಗುಟುಕು ಕುಡಿದು ತೋರಿಸಿದೆ. ಅದರ ವಾಸನೆಯ ಬಗ್ಗೆ ಬರೆಯುವುದಿಲ್ಲ. ತಾವೂ ರುಚಿ ನೋಡಬೇಕು ಎಂದು ವಿನಂತಿಸಿದೆ. ನನ್ನ ನೌಕರಿ ಇನ್ನೂ ನಾಕು ವರ್ಷ ಐತಿ, ಎಂದರು. ಅಷ್ಟರಲ್ಲಿ ಮೇಜಿನ ಕಾಲಿನಿಂದ ಇರುವೆಗಳು ಏರಿ ಬಾಟ್ಲಿಯ ಬಿರಡೆಗೆ ಮುತ್ತಿದವು. ಇವರನ್ನೇ ಪಂಚರೆಂದು ದಾಖಲು ಮಾಡಬೇಕೆಂದು ಕೇಳಿಕೊಂಡೆ. ಜಮಾದಾರರು ಒಪ್ಪಲಿಲ್ಲ, ಆದರೆ ಬಹಳ ಹೊತ್ತು ಇರುವೆಗಳನ್ನೇ ನೋಡಿದರು.

ಈಗ ಗಡಿಯಾರದಲ್ಲಿ ಐದೂ ಇಪ್ಪತ್ತು. ಬಿಸಿಲು ಠಾಣೆಯ ಹೊಸ್ತಿಲು ಬಿಟ್ಟು ಅಂಗಳಕ್ಕೆ ಇಳಿದಿದೆ. ನಾನು ಎರಡು ಸಲ ಎದ್ದು ಹೊರಗೆ ನೋಡಿ ಬಂದೆ. ಮೂರನೆಯ ಸಲ ಏಳುವಾಗ ಜಮಾದಾರರು, ಕುಂಡ್ರೋ, ನೀ ನೋಡಿದರ ಸೂರ್ಯ ನಿಂದರತಾನೇನು, ಎಂದರು. ರುಕ್ಮವ್ವ ಬಾಕಿನಿಂದ, ಆಕಿ ಎದ್ದು ಅಡ್ಡ್ಯಾಡಾಕತ್ತಾಳೋ ಮಲಗ್ಯಾಳೋ, ಎಂದು ಕೇಳಿದಳು. ಇದನ್ನು ಅವಳು ಬೆಳಿಗ್ಗೆಯಿಂದ ಬಂದವರಿಗೆಲ್ಲ ಕೇಳುತ್ತಿದ್ದಾಳೆ ಎಂದು ಪೇದೆ ಹೇಳಿದ. ಮಲಗಿದ್ದಾರೆ ಎಂದು ನಾನು ನಿಜ ಹೇಳಿದೆ.

ಮುಂದುವರಿದು ಬರೆಯುವುದೇನೆಂದರೆ, ಮಲಗಿದ್ದಾರೆ ಎಂದು ನಾನು ಹೇಳಿದ ಕಾಕು ಐದೂ ನಲವತ್ತಕ್ಕೆ ಠಾಣೆಯ ಮೆಟ್ಟಿಲ ಹತ್ತಿರ ಬಂದರು. ಗೋಡೆ ಹಿಡಿದು ನಡೆಯುತ್ತಿದ್ದರು. ಹಿಂದೆ ಕಾಕಾ, ಒಂದು ಕೈಯಲ್ಲಿ ಸೈಕಲ್ಲು, ಒಂದು ಕೈಯಲ್ಲಿ ಅರಿವೆ ಕಟ್ಟಿದ ನೀರಿನ ತಂಬಿಗೆ. ಸೈಕಲ್ ಮ್ಯಾಲ ಕುಂಡ್ರು ಅಂದರ ಕುಂಡ್ರವಲ್ಲಳು ಎಂದು ಕಾಕಾ ಯಾರನ್ನೂ ಉದ್ದೇಶಿಸದೆ ಹೇಳಿದರು. ಜಮಾದಾರರು ಎದ್ದು ತಮ್ಮ ಕುರ್ಚಿ ಕೊಟ್ಟರು. ಕಾಕು ಕುರ್ಚಿಗೆ ಕೂರದೆ ಬಾಕಿನ ಮೇಲೆ ರುಕ್ಮವ್ವನ ಮಗ್ಗುಲಿಗೆ ಕೂತು, ನಿಮ್ಮ ಬರವಣಿಗಿ ನೀವು ನಡಸ್ರಿ, ನನ್ನ ಪಾರಣಿ ಇಲ್ಲೇ ಆಕ್ಕೈತಿ, ಎಂದು ತಂಬಿಗೆಯನ್ನು ರುಕ್ಮವ್ವನ ಮುಂದೆ ಹಿಡಿದರು.

ರುಕ್ಮವ್ವ ಕೈ ಹಿಂದಕ್ಕೆ ಮಾಡಿದಳು. ಈ ಕೈಲೆ ಅಷ್ಟ ಜೀವ ಹೋಗ್ಯಾವ, ಇದ ಕೈಲೆ ನಿನಗ ಹೆಂಗ ಹಾಕ್ಲಿ ಚಂದ್ರವ್ವಾ, ಒಲ್ಲೆ, ಎಂದಳು. ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ. ನಾನು ಗಡಿಯಾರ ನೋಡಿದೆ. ಕಾಕಾ ತಾವು ಹಾಕಲು ಮುಂದೆ ಬಂದರು, ಕಾಕು ಅವರ ಕಡೆ ನೋಡಲಿಲ್ಲ. ಆ ಮೇಲೆ ಕಾಕು ಹೇಳಿದ್ದೇನೆಂದರೆ, ನೀ ಬೆಲ್ಲದ ನೀರ ಹಾಕೂಕಿಂತ ಮೊದಲ ನಾ ಬಲ್ಬ ಆರಿಸೇನಿ. ಹುಳಾ ಉಳಸಾಕ ಹೋಗಿ ಮೀನ ನಡುಗಿಸಿದಾಕಿ ನಾನು. ಚಳಿ ಗೊತ್ತಿದ್ದೂ ತಂದವರು ಇವರು. ಯಾರ ಪಾಲಿಗೆ ಎಷ್ಟು ಅಂತ ಆಮ್ಯಾಲ ಕುಂತು ಹಂಚಿಕೊಳ್ಳೂಣಂತ. ಈಗ ಹಾಕ, ಹೊತ್ತ ಹೊಂಟೈತಿ.

ಕಾಕಾ ನೆಲ ನೋಡುತ್ತ, ಹಾಕವ್ವಾ, ಎಂದರು. ಧರೆಪ್ಪನ ಮನೆಯವರೊಡನೆ ಅವರು ದೀಪಾವಳಿಯ ನಂತರ ಆಡಿದ ಮೊದಲ ಮಾತು ಇದು ಎಂದು ನಾನು ದಾಖಲಿಸುತ್ತೇನೆ.

ರುಕ್ಮವ್ವ ಹಾಕಿದಳು. ಅವಸರದಲ್ಲಿ ತಂಬಿಗೆ ಒಮ್ಮೆಲೇ ಬಗ್ಗಿಸಿದ್ದರಿಂದ ಅರ್ಧ ನೀರು ಕಾಕುವಿನ ಬೊಗಸೆಗೆ, ಅರ್ಧ ಸರಕಾರಿ ನೆಲಕ್ಕೆ ಬಿತ್ತು. ಬೊಗಸೆಗೆ ಬಿದ್ದದ್ದನ್ನು ಕಾಕು ಕುಡಿದರು. ಪೇದೆ ಬಾಗಿಲಲ್ಲಿ ನಿಂತು, ಇನ್ನೂ ಐತ್ರಿ, ಕಬ್ಬಿನ ಮ್ಯಾಲ ಐತಿ, ಸಾವಕಾಶ ಕುಡೀರಿ, ಎಂದು ಹೊತ್ತಿನ ಸುದ್ದಿ ಹೇಳುತ್ತಿದ್ದ. ತಂಬಿಗೆ ಬರಿದಾಯಿತು.

ಕಾಕಾ ತಮಗೆ ಯಾರ ಮೇಲೂ ತಕರಾರು ಇಲ್ಲವೆಂದು ಈ ಕಾಗದದ ಬೆನ್ನಿಗೆ ಬರೆದು ರುಜು ಮಾಡಿರುತ್ತಾರೆ. ಜಮಾದಾರರು ರುಕ್ಮವ್ವನಿಗೆ ಹೋಗಲು ಹೇಳಿ, ಹೋಗುವ ಮೊದಲು ಇದೇ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಲು ಹೇಳಿದರು.

ನಾನು ಇಲ್ಲಿ ಬರೆದದ್ದೆಲ್ಲ, ಎಂದಿನ ನನ್ನ ಮಾತಿನಂತಲ್ಲದೆ, ಪೂರ್ತಿ ಖರೆ ಇರುತ್ತದೆ. ಓದಿಸಿ ಕೇಳಿಕೊಳ್ಳಲು ಯಾರೂ ನಿಲ್ಲಲಿಲ್ಲ.

ಸ್ಥಳ: ಅಂಕಲಿ
ತಾರೀಖು: 12-1-1992, ಸಾಯಂಕಾಲ ಆರು ಗಂಟೆ, ಹೊತ್ತು ಇನ್ನೂ ಇದೆ

ಸಹಿ: ಪಾರಿಸ ತವನಪ್ಪ ಮಗದುಮ್

ರುಕ್ಮವ್ವ ಕೋಂ ಧರೆಪ್ಪ ಇವಳ ಎಡಗೈ ಹೆಬ್ಬೆಟ್ಟು: ಕೈ ಒದ್ದೆ ಇದ್ದುದರಿಂದ ಮಸಿ ಹರಡಿ ಗುರುತು ಮೂಡಿರುವುದಿಲ್ಲ. ಒಣಗಿದ ಮೇಲೆ ನಾಳೆ ಬಂದು ಒತ್ತತಕ್ಕದ್ದು.