ಕೀ ಕೆಟ್ಟಿದೆ ಅಂತ ಒಂದು ಮಾತು

ಆ ಕೀನ ಇನ್ನೊಂದು ಸಲ ಒತ್ತಪ್ಪಾ... ಅಲ್ಲ, ಹಾಗಲ್ಲ! ನೀನು ಒತ್ತಿದ್ರೆ ಕೆಲಸ ಮಾಡೇ ಮಾಡುತ್ತೆ, ಮೆಕ್ಯಾನಿಕ್ ಕೈ ನಿಂದು. ನಮ್ಮ ಯಜಮಾನ್ರು ಒತ್ತೋ ಹಾಗೆ ಮೆತ್ತಗೆ ಒತ್ತಿ ನೋಡು. ಅವರ ಬೆರಳು ಈಗೀಗ ಸ್ವಲ್ಪ ನಡುಗುತ್ತೆ... ಹೆಚ್ಚೇನಿಲ್ಲ, ವಯಸ್ಸಾಯ್ತಲ್ವಾ. ಹಾಂ, ಒತ್ತು.

ಅಯ್ಯೋ, ಕಾರಿನ ಲೈಟ್ ಹೊಡೀತು! ಥೂ, ಇದರ ಬುದ್ಧೀನೇ ಇಷ್ಟು. ಮನೇಲಿ ಪ್ರಾಣ ಹಿಂಡುತ್ತೆ, ನಿನ್ನ ಅಂಗಡಿ ಮೆಟ್ಟಿಲು ಹತ್ತಿದ ಕೂಡ್ಲೇ ಸಾಧು ಆಗ್ಬಿಡುತ್ತೆ. ಹಲ್ಲುನೋವು ಡಾಕ್ಟರ್ ಬಾಗಿಲಲ್ಲಿ ಮಾಯ ಆಗೋದಿಲ್ವಾ, ಹಾಗೆ. ನಗ್ತೀಯಾ? ನಗು ನಗು, ನಿನಗೇನಪ್ಪಾ.

ಏಯ್ ಏಯ್, ಲಾಕ್ ಮಾಡ್ಬೇಡ! ಅವರು ಒಳಗೇ ಕೂತಿದಾರೆ! ತೆಗಿ, ತೆಗಿ... ಹಾಂ. ಪಾಪ, ಬಾಗಿಲು ಟಕ್ ಅಂದಾಗಲೆಲ್ಲ ಬೆಚ್ಚಿಬೀಳ್ತಾರೆ ನೋಡು. ಇಳಿದು ಬನ್ನಿ ಅಂದೆ, ಬರಲಿಲ್ಲ. ಬೆಲ್ಟ್ ಹಾಕ್ಕೊಂಡೇ ಕೂತಿದಾರೆ. ನಿನ್ನ ನೋಡಿ ಮಾತಾಡಿಸ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಬಿಸಿಲಿಗೆ ಕಣ್ಣು ಮಂಜು ಅವರಿಗೆ. ನಿನ್ನ ಮರೆಯೋದುಂಟಾ? ಕ್ಲಚ್ ಬಿಡೋಕೆ ಬರದೆ ಹಾಲಿನ ವ್ಯಾನಿಗೆ ಹೋಗಿ ಗುದ್ದಿದ್ಯಲ್ಲ, ಮಹಾರಾಯ! ಅವತ್ತು ಮನೆಗೆ ಬಂದವರು ‘ಆ ಹುಡುಗನ ಕೈಗೆ ಸ್ಪ್ಯಾನರ್ ಕೊಡಬೇಕು ಕಣೇ, ಸ್ಟೇರಿಂಗ್ ಅಲ್ಲ’ ಅಂತ ನಕ್ಕಿದ್ದೇ ನಕ್ಕಿದ್ದು. ಈ ಊರಲ್ಲಿ ಡ್ರೈವಿಂಗ್ ಮೇಷ್ಟ್ರು ಅಂದ್ರೆ ಇವರೊಬ್ಬರೇ ಅಲ್ವಾ? ಯಾವ ರಸ್ತೇಲಿ ನಿಂತ್ರೂ ಒಬ್ಬ ಶಿಷ್ಯ ಹಾರ್ನ್ ಹೊಡೆದು ಕೈ ಎತ್ತಿ ಹೋಗ್ತಿದ್ದ.

ಆ ಸೆಲ್ ನನಗ್ಯಾಕೆ ತೋರಿಸ್ತೀಯಾ? ಗೊತ್ತು, ಹೊಸದು. ಹೋದ ಸಲ ನೀನೇ ಹಾಕಿದ್ದು. ಹೊಸದು ಕೆಡಬಾರದು ಅಂತ ಎಲ್ಲಾದ್ರೂ ಬರೆದಿದ್ಯಾ? ಕೇಳು, ಮೊನ್ನೆ ಮಾರ್ಕೆಟ್ ಹತ್ರ ಒತ್ತಿದಾರೆ, ಒತ್ತಿದಾರೆ, ಕಾರು ಉಸಿರೇ ಎತ್ತಿಲ್ವಂತೆ. ಸಾಕಾಗಿ ನಡ್ಕೊಂಡೇ ಬಂದ್ರು. ಆಮೇಲೆ ಹೋಗಿ ನೋಡಿದ್ರೆ ಕಾರು... ಬ್ಯಾಂಕಿನ ಹಿಂದಿನ ಬೀದೀಲಿತ್ತು. ಅಷ್ಟು ದೂರಕ್ಕೆ ಸಿಗ್ನಲ್ ಹೋಗಲ್ಲ, ನಂಗೂ ಗೊತ್ತು. ಆದ್ರೂ ಒಳ್ಳೇ ಕೀ ಆಗಿದ್ರೆ ಹೋಗ್ತಿತ್ತೇನೋ!

ಇನ್ನೊಂದಿನ ಫ್ರಿಜ್‌ನಲ್ಲಿತ್ತು ಕೀ. ಬೆಣ್ಣೆ ಪಕ್ಕ. ಅದಕ್ಕೂ ಕಾರಣ ಇದೆಯಪ್ಪಾ, ಈಗಿನ ಕಳ್ಳರು ದೂರದಿಂದಲೇ ಸಿಗ್ನಲ್ ಕದೀತಾರಂತಲ್ಲ, ಡಬ್ಬಿಯೊಳಗೆ ಇಡ್ಬೇಕಂತಲ್ಲ. ಎಲ್ಲೋ ಓದಿರ್ತಾರೆ. ಓದೋ ಚಾಳಿ ಇದೆಯಲ್ಲ ಅವರಿಗೆ. ಆ ಥಂಡಿಗೇ ಒಳಗೆ ಏನೋ ಹಾಳಾಗಿರ್ಬೇಕು. ಬಿಚ್ಚಿ ನೋಡು, ನೀರು ಗೀರು ಕೂತಿದ್ಯೇನೋ.

ಇಲ್ವಾ? ಇಲ್ಲ. ಹೂಂ.

ಇವತ್ತು ಬೇಗ ಬರಬೇಕು ಅಂತಿದ್ವಿ. ಈ ರಸ್ತೆ ಅಗೆದಿದಾರಲ್ಲ, ಸುತ್ತಿ ಸುತ್ತಿ ಬರೋ ಹಾಗಾಯ್ತು... ಯಾಕೆ ಹಾಗೆ ನೋಡ್ತೀಯಾ? ಅಗೆದಿಲ್ವಾ? ಹಾಗಾದ್ರೆ ಮುಚ್ಚಿರ್ತಾರೆ. ಮುಚ್ಚಿರ್ತಾರೆ ಬಿಡು.

ನೋಡಪ್ಪಾ, ವಿಷಯಕ್ಕೇ ಬರ್ತೀನಿ. ಸೋಮವಾರದಿಂದ ಮಗಳು ಪುಟ್ಟೀನ ಇವರ ಜೊತೆ ಕಳಿಸ್ತಿಲ್ಲ. ನಮ್ಮ ಮೊಮ್ಮಗಳು, ಅದೇ, ಇಲ್ಲಿಗೆ ಬಂದಾಗ ನಿನ್ನ ಟೈರಿನೊಳಗೆ ಕೂತ್ಕೋತಿತ್ತಲ್ಲ. ದಿನಾ ಸ್ಕೂಲಿಂದ ಕರ್ಕೊಂಡು ಬರೋದು ತಾತಂದೇ ಕೆಲಸ. ಆ ಮಗು ಬರುತ್ತೆ ಅಂತಾನೇ ಅವರು ಶೇವ್ ಮಾಡ್ಕೊಳ್ಳೋದು, ಶರ್ಟ್ ಬದಲಾಯಿಸೋದು. ಸೋಮವಾರದಿಂದ ಅದೇ ಶರ್ಟು. ಈಗ್ಲೂ ಅದೇ ಇದೆ ನೋಡು ಮೈಮೇಲೆ.

ಆಗಿದ್ದಿಷ್ಟು. ಬರ್ತಾ ಹಣ್ಣಿನಂಗಡಿ ಮುಂದೆ ನಿಲ್ಲಿಸಿ ಇವರು ಇಳಿದ್ರು. ಪುಟ್ಟಿ ಹಿಂದಿನ ಸೀಟಲ್ಲಿ. ಈ ಹಾಳು ಕೀ ಲಾಕ್ ಮಾಡ್ತು, ತೆಗೀಲಿಲ್ಲ. ಅಷ್ಟೇ! ಗಾಜೆಲ್ಲ ಏರಿಸಿತ್ತು... ಬಿಸಿಲು ಬೇರೆ. ಹಿಂದಿನ ಬಾಗಿಲು ಮಕ್ಕಳು ಒಳಗಿಂದ ತೆಗೀಬಾರದು ಅಂತ ಇವರೇ ಮಾಡಿಸಿದ್ದು. ಮಗು ಅಳ್ತಾ ಗಾಜು ಬಡೀತಿತ್ತಂತೆ. ಇವರು ಒತ್ತಿ ಒತ್ತಿ ಬೆವೆತು ಹೋಗಿ, ಮನೆಗೆ ಓಡಿ ಬಂದ್ರು. ನಾನು ಇನ್ನೊಂದು ಕೀ ಹಿಡ್ಕೊಂಡು ಓಡಿದೆ, ತೆಗೆದೆ. ಮಗು ನೆನೆದು ತೊಪ್ಪೆ ಆಗಿತ್ತು, ನೀರು ಕುಡಿಸಿದ್ಮೇಲೆ ಸರಿಹೋಯ್ತು. ದೇವರು ದೊಡ್ಡವನು.

ಏನು? ಯಾಕೆ ತಲೆ ಅಲ್ಲಾಡಿಸ್ತೀಯಾ?

ಇನ್ನೊಂದು ಕೀ... ಹೋದ ವರ್ಷವೇ ಕಳೆದುಹೋಯ್ತು ಅಂತ ನಿಂಗೆ ನಾನೇ ಹೇಳಿದ್ನಾ? ಹೇಳಿರ್ಬೇಕು. ಸಿಕ್ತಪ್ಪಾ ಆಮೇಲೆ. ಸಿಕ್ತು. ಮನೇಲಿದೆ. ತೋರಿಸು ಅಂತ ಪೊಲೀಸ್ ಥರ ಕೂತ್ಕೋಬೇಡ.

ಅದೇನದು, ಇದರ ಹೊಟ್ಟೆಯಿಂದ ಎಳೆದೆ? ಓ, ಆ ಕಬ್ಬಿಣದ ಕೀನಾ. ಸೆಲ್ ಸತ್ತರೂ ಇದನ್ನ ಬಾಗಿಲಿಗೆ ಹಾಕಿ ತಿರುಗಿಸ್ಬಹುದು, ಗೊತ್ತು ಗೊತ್ತು. ಎಲ್ಲ ಶಿಷ್ಯರಿಗೂ ಮೊದಲನೇ ದಿನವೇ ಇವರು ಹೇಳ್ಕೊಡ್ತಿದ್ದಿದ್ದೇ ಅದು. ಆದ್ರೆ ಗಾಬರೀಲಿ ಯಾರಿಗಪ್ಪಾ ನೆನಪಾಗುತ್ತೆ? ನಿಂಗೆ ಆಗ್ತಿತ್ತಾ? ಎಲ್ಲರೂ ಮರೀತಾರೆ. ನಾನೂ ಮರೀತೀನಿ, ನಿನ್ನೆ ಒಲೆ ಮೇಲೆ ಹಾಲಿಟ್ಟು ಮರೆತೆ. ಅದಕ್ಕೆ ನನ್ನನ್ನ ಅಡುಗೆಮನೆಗೆ ಸೇರಿಸ್ಬಾರ್ದಾ?

ಸರಿ, ಕೋಪ ಮಾಡ್ಕೊಳ್ಳಲ್ಲ. ನಿನ್ನ ಮೇಲೆ ರೇಗಿ ಏನು ಬಂತು.

ಮಗಳು ಏನಂದಿದಾಳೆ ಗೊತ್ತಾ? ‘ಅಮ್ಮಾ, ನಿನ್ನ ಮಾತು ಬೇಡ. ಕೀ ಕೆಟ್ಟಿದ್ರೆ ಮೆಕ್ಯಾನಿಕ್ ಬಾಯಿಂದ ಹೇಳಿಸು, ಪುಟ್ಟೀನ ಮತ್ತೆ ಕಳಿಸ್ತೀನಿ. ಇಲ್ಲಾಂದ್ರೆ ಅಪ್ಪನ ಕೈಗೆ ಮಗುನೂ ಇಲ್ಲ, ಕಾರೂ ಇಲ್ಲ.’ ಹಾಗಂದ್ಬಿಟ್ಲು. ಕಾರೂ ಇಲ್ಲ, ಮಗುನೂ ಇಲ್ಲ ಅಂದ್ರೆ ಅವರಿಗೆ ಇನ್ನೇನಿದೆ? ನಾನಿದೀನಿ. ನನ್ನ ಮುಖ ನೋಡ್ಕೊಂಡು ಎಷ್ಟು ಹೊತ್ತು ಕೂತಿರ್ತಾರೆ? ನಿಂದೇನೂ ಹೋಗಲ್ಲಪ್ಪಾ. ಕೀ ಕೆಟ್ಟಿದೆ ಅನ್ನು. ಒಳಗೆ ಬೋರ್ಡ್ ಹೋಗಿದೆ ಅನ್ನು, ಏನೋ ನಿಮ್ಮ ಭಾಷೇಲಿ ಹೇಳು, ಅವಳಿಗೇನು ಅರ್ಥ ಆಗುತ್ತೆ? ಹೊಸ ಕೀನೇ ಮಾಡಿಸ್ಕೋತೀನಿ ನಿನ್ನ ಹತ್ರ. ಇನ್ಮೇಲೆ ನಾನೂ ಜೊತೇಲಿ ಹೋಗ್ತೀನಿ, ದಿನಾ ಹೋಗ್ತೀನಿ. ನಿನ್ನ ಅಮ್ಮ ಅಂತ ತಿಳ್ಕೋ ಮಾರಾಯಾ, ನಾನು ಇನ್ನು ಹೇಗೆ ಕೇಳ್ಲಿ?

ಇರು, ಮಗಳಿಗೆ ಫೋನ್ ಮಾಡೇಬಿಡ್ತೀನಿ. ಅವಳು ಲೈನಿಗೆ ಬಂದ್ರೆ ನಿನ್ನ ಬಾಯಿಗೆ ಮಾತು ತಾನಾಗೇ ಬರುತ್ತೆ.

ಹಲೋ... ಹಾಂ, ನಾನೇ ಕಣೇ. ಅಂಗಡೀಲಿದೀನಿ. ಎಲ್ಲ ಪರೀಕ್ಷೆ ಮಾಡಿದ, ಕೊಡ್ತೀನಿ, ಅವನ ಬಾಯಿಂದಲೇ ಕೇಳು.

ತಗೋ. ತಗೋಳಪ್ಪಾ! ಕೈ ಒರೆಸ್ಕೊಂಡಿದ್ದು ಸಾಕು... ಹಾಂ. ಹೇಳು. ಹಲೋ ಅನ್ನು ಮೊದಲು.

ಕೆಟ್ಟಿದೆ ಅನ್ನು. ಒಂದೇ ಮಾತು.

ಅಲ್ಲಿ ಹೊರಗೇನು ನೋಡ್ತೀಯಾ? ಅವರನ್ನ ನೋಡ್ಬೇಡ, ನನ್ನ ನೋಡು! ಹೇಳೋ... ಕಾಯ್ತಿದಾಳೆ... ಯಾಕೋ ಕಣ್ಣು ತುಂಬ್ಕೊಂಡೆ? ಏನಾಗಿದೆ ಅಂತ ಅಳ್ತೀಯಾ? ಏನೂ ಆಗಿಲ್ಲ ಅವರಿಗೆ! ಏನೂ...

ಕೊಡು. ಕೊಡಿಲ್ಲಿ.

ಹಲೋ. ಇಲ್ಲಮ್ಮಾ, ಲೈನ್ ಕಟ್ ಆಗಿಲ್ಲ. ಇದ್ದ. ಹಿಡ್ಕೊಂಡೇ ಇದ್ದ. ಹೇಳಲಿಲ್ಲ.

ಫೋನ್ ಇಡ್ಬೇಡ ಕಣೇ, ಕೇಳು.

ಅವತ್ತು ನಿಮ್ಮಪ್ಪ ಓಡಿ ಬರಲಿಲ್ಲ ಕಣೇ. ನಿಧಾನ ನಡ್ಕೊಂಡು ಬಂದ್ರು, ಹಣ್ಣಿನ ಚೀಲ ಟೇಬಲ್ ಮೇಲಿಟ್ರು, ಕಾಫಿ ಕೇಳಿದ್ರು. ಮಾಡಿ ಕೊಟ್ಟೆ. ಪುಟ್ಟಿ ನಿನ್ನ ಮನೆಗೆ ಹೋಗಿರ್ಬೇಕು ಅಂದ್ಕೊಂಡೆ. ಕುಡೀತಾ ಇದ್ರು. ಆಗ ಹಣ್ಣಿನಂಗಡಿಯವಳ ಫೋನ್ ಬಂತು, ಕಾರಿನ ಗಾಜಿನ ಮೇಲೆ ಡ್ರೈವಿಂಗ್ ಸ್ಕೂಲಿನ ನಂಬರ್ ಇನ್ನೂ ಇದೆಯಲ್ಲ, ಅದನ್ನ ನೋಡಿ ಮಾಡಿದ್ಲು. ರೀ, ಮಗು ಎಲ್ಲಿ ಅಂದೆ. ‘ಯಾವ ಮಗು?’ ಅಂದ್ರು.

ಕೀ ಅವರ ಜೇಬಲ್ಲೇ ಇತ್ತು. ಕಿತ್ಕೊಂಡು ಓಡಿದೆ. ಒಂದೇ ಸಲ ಒತ್ತಿದೆ ಕಣೇ... ತೆಗೀತು.